ಸೋಮವಾರ ಅಳಿಸಿದ ಹದಿನಾಲ್ಕು ಸಾಲುಗಳು

ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ನಗಲಿ. ಚಳ್ಳಕೆರೆಯ ಬಸ್ ನಿಲ್ದಾಣದ ಎದುರು ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಾಲ್ಕು ವರ್ಷ ಏಳು ತಿಂಗಳು ಕೂತಿದ್ದೆ. ಬೆಂಗಳೂರಿನ ಒಂದು ಖಾಸಗಿ ಪಾರ್ಕಿಂಗ್ ಕಂಪನಿಗೆ ಬರುವ ತಕರಾರುಗಳನ್ನು ನೋಡಿ ಉತ್ತರ ಕೊಡುವುದು ನನ್ನ ಕೆಲಸ. ಅಂಥ ಕುರ್ಚಿಯಲ್ಲಿ ಇನ್ನೊಮ್ಮೆ ಕೂರುವುದಿಲ್ಲ ಎಂದು ತೀರ್ಮಾನಿಸಿ ಎದ್ದು ಬಂದೆ. ನನ್ನ ಪಾಲಿಗೆ ಅದೇ ನಿವೃತ್ತಿ.

ಈಗ ಅದೇ ಮಹಡಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಬೀದಿಯ ಇಬ್ಬರು ಹುಡುಗಿಯರಿಗೆ ಆದೇಶ ಬಂದಿದೆ. ಮೊನ್ನೆ ಮನೆಗೆ ಬಂದು, "ಅಕ್ಕಾ, ಕೆಲಸ ಹೆಂಗಿರ್ತೈತೆ?" ಅಂತ ಕೇಳಿದರು. ಅವ್ವ ಕೊಟ್ಟ ಟೀ ಕುಡಿಸಿ, ಬರೆದು ಕೊಡುತ್ತೇನೆ ಎಂದೆ. ಅವರು ಹೋದ ಮೇಲೆ ಹಳೆಯ ನೋಟ್‌ಬುಕ್ಕುಗಳನ್ನು ಕೆಳಗಿಳಿಸಿದೆ. ಒಟ್ಟು ಏಳು. ದಿನವೂ ಕೆಲಸ ಮುಗಿದ ಮೇಲೆ ದಿನಾಂಕ ಹಾಕಿ ಎಣಿಕೆ ಬರೆದಿಡುವುದು ನನಗೆ ಕಾಲೇಜಿನಿಂದ ಬಂದ ಅಭ್ಯಾಸ. ಹೇಳಲಾಗದ್ದನ್ನು ಅವುಗಳನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ಮೊದಲ ನೋಟ್‌ಬುಕ್ಕಿನ ಮೊದಲ ತಿಂಗಳ ಕೊನೆಯ ಸಾಲು ಹೀಗಿದೆ: "ನೋಡಿದ್ದು 912. ಮಾನ್ಯ 41. ತಿರಸ್ಕೃತ 871. ತಡವಾಗಿ ಬಂದದ್ದು: ಒಂದು ದಿನ (ಬಸ್ ಕೆಟ್ಟಿತ್ತು)."

ಕೆಲಸ ಕಲಿಯಲು ಎರಡು ದಿನ ಸಾಕಾಯಿತು. ಬೆಂಗಳೂರಿನಲ್ಲಿ ದೊಡ್ಡ ಅಂಗಡಿ ಸಂಕೀರ್ಣಗಳ ಕೆಳಗೆ ಕಂಪನಿಯ ಪಾರ್ಕಿಂಗ್ ಜಾಗಗಳಿದ್ದವು. ಅಲ್ಲಿ ಗಾಡಿ ನಿಲ್ಲಿಸಿ ಶುಲ್ಕ ಕೊಡದೆ ಹೋದವರಿಗೆ ನೋಟಿಸ್ ಹೋಗುತ್ತದೆ. ಒಪ್ಪದವರು ಮನವಿ ಹಾಕುತ್ತಾರೆ. ಆ ಮನವಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಒಂದಕ್ಕೆ ನಾಲ್ಕು ನಿಮಿಷ. ಸಿದ್ಧ ಉತ್ತರಗಳು ಒಂಬತ್ತು. ನಾಲ್ಕನೆಯದು ಹೆಚ್ಚು ಬಳಕೆಯದು: "ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು, ಅದನ್ನು ಪುರಸ್ಕರಿಸಲು ಸಾಧ್ಯವಾಗಿಲ್ಲ." ಪಕ್ಕದ ಕುರ್ಚಿಯ ನಸ್ರೀನ್ ಹೇಳುತ್ತಿದ್ದಳು, "ಅರೇ, ಮನೇಲಿ ತಮ್ಮ ಇನ್ನೊಂದು ರೊಟ್ಟಿ ಕೇಳಿದ್ರೂ ಬಾಯಿಗೆ ನಾಲ್ಕನೇ ಉತ್ತರಾನೇ ಬರ್ತೈತೆ ಕಣೇ."

ನಿಯಮಗಳು ಮೂರಿದ್ದವು. ಒಂದು, ಫೋನಿನಲ್ಲಿ ಯಾರಾದರೂ ಕೇಳಿದರೆ ನಾವಿರುವುದು ಬೆಂಗಳೂರಿನಲ್ಲಿ. ಎರಡು, ತಕರಾರು ಹಾಕಿದವರನ್ನು ಮುಖತಃ ಭೇಟಿಯಾಗುವಂತಿಲ್ಲ. ಮೂರು, ಸ್ವಂತ ಪುಸ್ತಕದಲ್ಲಿ ಯಾರದೇ ಹೆಸರು, ಫೋನು, ಗಾಡಿ ನಂಬರ್ ಬರೆಯುವಂತಿಲ್ಲ. ಮೂರನೆಯದನ್ನು ನಾನು ಒಂದು ದಿನವೂ ಮುರಿಯಲಿಲ್ಲ. ನಮ್ಮ ಮೇಲಧಿಕಾರಿ ಪ್ರಕಾಶ್ ಸರ್ ಒಮ್ಮೆ ನನ್ನ ನೋಟ್‌ಬುಕ್ ತಿರುವಿ ಹಾಕಿ, ಎಲ್ಲರ ಮುಂದೆ ಎತ್ತಿ ತೋರಿಸಿ, "ನೋಡ್ರಿ, ಪುಸ್ತಕ ಅಂದ್ರೆ ಹಿಂಗಿರಬೇಕು. ಬರೀ ಎಣಿಕೆ. ಒಂದು ನಂಬರ್ ಇಲ್ಲ" ಎಂದರು. ಆ ದಿನ ನಾನು ಹಿಗ್ಗಿದ್ದೆ. ಅದನ್ನೂ ಬರೆದಿಟ್ಟಿದ್ದೇನೆ.

ಮೊದಲ ಕೆಲವು ತಿಂಗಳು ನಮ್ಮ ಕೆಲಸದಲ್ಲಿ ಚೀಟಿ ಇತ್ತು. ಒಳಗೆ ಹೋಗುವಾಗ ಕೈಗೆ ಒಂದು ಚೀಟಿ, ಹೊರಗೆ ಬರುವಾಗ ಅದನ್ನು ಕೊಟ್ಟು ಶುಲ್ಕ. ತಕರಾರು ಬಂದರೆ ಜನ ಚೀಟಿಯ ಫೋಟೋ ಕಳಿಸುತ್ತಿದ್ದರು. ನೋಡಿ ತೀರ್ಮಾನಿಸಬಹುದಿತ್ತು. ಕೊರೋನಾ ಬಂದ ಮೇಲೆ ಕೈಯಿಂದ ಕೈಗೆ ಚೀಟಿ ಕೊಡುವುದು ನಿಂತಿತು. ಗೇಟಿನ ಮೇಲೆ ಕ್ಯಾಮೆರಾ ಬಂತು. ಅದು ನಂಬರ್ ಪ್ಲೇಟ್ ಓದುತ್ತದೆ, ತಡೆಕೋಲು ಮೇಲೇಳುತ್ತದೆ. ಗಾಡಿ ಹೊರಗೆ ಹೋದ ಮೇಲೆ ಬಿಲ್ಲು ನಂಬರಿನ ಮಾಲೀಕನ ವಿಳಾಸಕ್ಕೆ ಹೋಗುತ್ತದೆ. ಗಾಡಿಯ ಪೂರ್ತಿ ಚಿತ್ರ ಮೂವತ್ತು ದಿನ ಮಾತ್ರ ಉಳಿಯುತ್ತಿತ್ತು. ಆಮೇಲೆ ಉಳಿಯುವುದು ನಂಬರ್ ಪ್ಲೇಟಿನ ಅಗಲದ ಒಂದು ತುಣುಕು. ಚೀಟಿ ಇದ್ದಾಗ ನಾವು ಒಬ್ಬ ಮನುಷ್ಯ ಅಲ್ಲಿದ್ದನೇ ಎಂದು ನೋಡುತ್ತಿದ್ದೆವು. ಆಮೇಲೆ ನೋಡಿದ್ದು ಒಂಬತ್ತು-ಹತ್ತು ಅಕ್ಷರ, ಅಂಕಿ.

ಅಂಕಿಗಳು ಏನೇನು ಮಾಡಿದವೆಂದು ಎರಡು ಉದಾಹರಣೆ ಕೊಡುತ್ತೇನೆ. ಮದುವೆಯ ಕಾರೊಂದರ ಪ್ಲೇಟಿನ ಮೇಲೆ ಸೇವಂತಿಗೆ ಸರ ಇಳಿಬಿದ್ದು ಮೂರು ಎಂಟಾಗಿ, ಹಾಸನದ ಒಬ್ಬ ಶಾಲಾ ಮೇಷ್ಟರಿಗೆ ನೋಟಿಸ್ ಹೋಯಿತು. ಅವರು ಎಂಟು ಪುಟದ ಮನವಿ ಬರೆದರು, ಮುತ್ತಿನಂಥ ಅಕ್ಷರ. ನಾನು ನಾಲ್ಕನೆಯ ಉತ್ತರ ಕಳಿಸಿದೆ. ಅದು ನನ್ನ ತಪ್ಪು, ಮೂರನೆಯ ಮನವಿಗೆ ಸರಿಪಡಿಸಿದೆ. ಇನ್ನೊಂದು, ಅಪಘಾತದ ಕೇಸಿನಲ್ಲಿ ಠಾಣೆಯ ಅಂಗಳದಲ್ಲಿ ಎರಡು ವರ್ಷದಿಂದ ನಿಂತಿದ್ದ ಕಾರು. ಚಕ್ರದೊಳಗೆ ಹುಲ್ಲು ಬೆಳೆದಿರುವ ಫೋಟೋ ಕಳಿಸಿದ್ದರು. ಅದರ ನಂಬರನ್ನು ಯಾರೋ ತಮ್ಮ ಕಾರಿಗೆ ಹಾಕಿಕೊಂಡು ತಿರುಗುತ್ತಿದ್ದರು. ಪ್ರಕಾಶ್ ಸರ್ ಆ ಫೋಟೋ ನೋಡಿ, "ಹುಲ್ಲು ಯಾವತ್ತು ಬೆಳೀತು ಅಂತ ದಿನಾಂಕ ಇಲ್ವಲ್ಲ" ಎಂದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಪ್ರಕಾಶ್ ಸರ್ ಕೆಟ್ಟವರಲ್ಲ. ಹಬ್ಬಕ್ಕೆ ರಜೆ ಕೊಡುತ್ತಿದ್ದರು, ಯಾರ ಮೇಲೂ ಕೂಗಾಡಲಿಲ್ಲ. ಅವರಿಗೆ ಬೇಕಾದದ್ದು ಒಂದೇ, ಪ್ರತಿ ಬೆಳಿಗ್ಗೆ ಹನ್ನೊಂದೂವರೆಗೆ 'ಎರಡು ಸಲ ಓದು' ಪಟ್ಟಿ ಸೊನ್ನೆಯಾಗಿರಬೇಕು. ಇದನ್ನು ಹೊಸಬರು ಗಮನವಿಟ್ಟು ಓದಿ. ಕ್ಯಾಮೆರಾ ಒಂದು ನಂಬರನ್ನು ಒಳಗೆ ಬಿಟ್ಟ ಮೇಲೆ, ಅದು ಹೊರಗೆ ಹೋಗುವ ಮೊದಲು ಅದೇ ನಂಬರ್ ಮತ್ತೆ ಗೇಟಿನಲ್ಲಿ ಕಂಡರೆ ತಡೆಕೋಲು ಏಳುವುದಿಲ್ಲ. ಕಂಪ್ಯೂಟರ್ ಅದನ್ನು ದೋಷವೆಂದು ಬರೆದು ನಮ್ಮ ಪಟ್ಟಿಗೆ ತಳ್ಳುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಕಸವೇ. ಗಾಡಿ ಗೇಟಿನಲ್ಲಿ ಹಿಂದೆ ಮುಂದೆ ಆಡಿದಾಗ ಕ್ಯಾಮೆರಾ ಎರಡು ಸಲ ಓದಿರುತ್ತದೆ. ಎಲ್ಲ ಸಾಲುಗಳನ್ನು ಒಮ್ಮೆಲೇ ಗುರುತು ಹಾಕಿ ಅಳಿಸುವುದು ನನ್ನ ಪಾಲಿನ ಕೆಲಸ. ತೆರೆದು ನೋಡುತ್ತಿರಲಿಲ್ಲ. ನೋಡಲು ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟಿದ್ದವು, ಎಷ್ಟು ಅಳಿಸಿದೆ ಎಂದು ಮಾತ್ರ ಬರೆದುಕೊಳ್ಳುತ್ತಿದ್ದೆ. ಎರಡೂ ಸಂಖ್ಯೆ ಸಮ ಬಂದರೆ ನನಗೆ ಸಮಾಧಾನ.

ಪಿಕಪ್ ಗಾಡಿಯ ಪಾಲಯ್ಯನ ಫೋನು ಬಂದದ್ದು ನಾನು ಕೆಲಸ ಬಿಟ್ಟ ವರ್ಷದ ಫೆಬ್ರವರಿ 20, ಮಂಗಳವಾರ.

"ಅಮ್ಮಾ, ನಿಮ್ಮ ಕಂಪನಿಯಿಂದ ನಂಗೆ ಏಳು ಕಾಗದ ಬಂದವೆ. ನಾನು ಆ ಬಿಲ್ಡಿಂಗ್ ಕಣ್ಣಾಗೂ ನೋಡಿಲ್ಲ."

ಸಿದ್ಧ ಪ್ರಶ್ನೆಗಳನ್ನು ಕೇಳತೊಡಗಿದೆ. ಅವನು ನಡುವೆ ನಿಲ್ಲಿಸಿದ. "ನೀನು ಎಲ್ಲಿಂದ ಮಾತಾಡ್ತಿದೀಯಮ್ಮಾ?"

"ಬೆಂಗಳೂರಿಂದ."

"ಬೆಂಗಳೂರಾಗೆ 'ಮೊಳಕಾಲ್ಮೂರ್, ಮೊಳಕಾಲ್ಮೂರ್, ಹತ್ರೀ ಹತ್ರೀ' ಅಂತ ಯಾವೋನು ಕೂಗ್ತಾನೆ?"

ಕಿಟಕಿ ತೆರೆದಿತ್ತು. ಕೆಳಗೆ ಖಾಸಗಿ ಬಸ್ಸಿನವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ನಸ್ರೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಮರುದಿನ ಮಧ್ಯಾಹ್ನ ಊಟಕ್ಕೆ ಕೆಳಗಿಳಿದಾಗ ಮೆಟ್ಟಿಲ ಬಳಿ ಒಬ್ಬ ಮನುಷ್ಯ ಏಳು ಲಕೋಟೆ ಹಿಡಿದು ನಿಂತಿದ್ದ. ನಲವತ್ತೈದರ ಪ್ರಾಯ, ತಲೆಗೆ ಟವೆಲ್ಲು, ಶೇಂಗಾ ಧೂಳು ಹತ್ತಿದ ಅಂಗಿ. "ಬಸ್ ಸ್ಟ್ಯಾಂಡ್ ಎದುರಿನ ಎಲ್ಲಾ ಮಹಡಿ ಹತ್ತಿ ಇಳಿದೆ. ಕಂಪ್ಯೂಟರು ಇರೋ ಮಹಡಿ ಇದೊಂದೇ" ಎಂದ. ಎರಡನೆಯ ನಿಯಮ ಅಲ್ಲಿಗೆ ಮುರಿಯಿತು.

ಅವನ ಊರು ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಒಂದು ಪಿಕಪ್ ಗಾಡಿ ಇಟ್ಟುಕೊಂಡು, ಸುತ್ತಿನ ಹಳ್ಳಿಗಳ ಶೇಂಗಾ ಮೂಟೆಗಳನ್ನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿಗೆ ತಂದು ಹಾಕುತ್ತಿದ್ದ. ಗಾಡಿಯ ಸಾಲಕ್ಕೆ ಜಾಮೀನು ನಿಂತವರು ಮಿಲ್ಲಿನ ಮಾಲೀಕರಾದ ವೀರಭದ್ರಪ್ಪನವರು. ಹಾಗಾಗಿ ಗಾಡಿಯ ದಾಖಲೆಯಲ್ಲಿದ್ದ ವಿಳಾಸ ಮಿಲ್ಲಿನದು. ನಮ್ಮ ಏಳೂ ನೋಟಿಸು ನೇರ ಅವರ ಮೇಜಿಗೆ ಹೋಗಿದ್ದವು.

ಲಕೋಟೆಗಳನ್ನು ಬಿಡಿಸಿ ದಿನಾಂಕ ಜೋಡಿಸಿದೆ. ಏಳೂ ಸೋಮವಾರ.

"ಅದೇ ನೋಡಮ್ಮಾ ನನ್ನ ಕರ್ಮ" ಎಂದ. "ನಾನು ಸೋಮವಾರ ಗಾಡಿ ಕಟ್ಟಲ್ಲ."

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಪಾಲಯ್ಯನ ಅಪ್ಪ ಎತ್ತಿನ ಗಾಡಿಯಲ್ಲಿ ಶೇಂಗಾ ಹೊತ್ತವನು. ಮಗ ಪಿಕಪ್ ತಂದಾಗ, "ಎತ್ತಿನ ಜಾಗಕ್ಕೆ ಬಂದೈತೆ, ಎತ್ತಿನ ಕಟ್ಟಳೆನೇ ಇದಕ್ಕೂ" ಎಂದು ಹೇಳಿ, ಹಳೆಯ ಎತ್ತಿನ ಗೆಜ್ಜೆಸರವನ್ನು ಅದರ ಮೂತಿಗೆ ಕಟ್ಟಿದನಂತೆ. ಅಂದಿನಿಂದ ಸೋಮವಾರ ಆ ಗಾಡಿ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ತೊಳೆದು ವಿಭೂತಿ ಹಚ್ಚುತ್ತಾರೆ. ಮಿಲ್ಲಿಗೆ ಸೇರುವಾಗಲೇ ಪಾಲಯ್ಯ ಈ ಮಾತು ಹೇಳಿದ್ದ. ವೀರಭದ್ರಪ್ಪನವರು ಶಿವಭಕ್ತರು, ಸಂತೋಷದಿಂದ ಒಪ್ಪಿದ್ದರು. ಒಂಬತ್ತು ವರ್ಷ ಸೋಮವಾರಗಳಿಗೆ ಬೇರೆ ಗಾಡಿ ಕರೆಸಿಕೊಂಡಿದ್ದರು.

ಈಗ ಅವರ ಮುಂದೆ ಏಳು ಸೋಮವಾರಗಳ ಏಳು ಕಾಗದ.

"ಏನಂದ್ರು?" ಎಂದೆ.

"'ಲೇ ಪಾಲ, ಬಸವಣ್ಣನ ಹೆಸರು ಹೇಳಿ ನಂಗೆ ನಾಮ ಹಾಕಿದೆಯಲ್ಲೋ, ಬೆಂಗಳೂರಿಗೆ ಬಾಡಿಗೆ ಹೊಡೀಬೇಕು ಅಂತ ಕೇಳಿದ್ರೆ ನಾನು ಬೇಡ ಅಂತಿದ್ನಾ' ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತಮ್ಮಾ. ಮೆತ್ತಗೆ ಅಂದ್ರು. ಯುಗಾದಿಗೆ ಹೊಸ ವರ್ಷದ ಬಾಡಿಗೆ ಮಾತುಕತೆ. ಅಷ್ಟರೊಳಗೆ 'ಅದು ಈ ಗಾಡಿ ಅಲ್ಲ' ಅಂತ ನಿಮ್ಮ ಕಂಪನಿ ಕಾಗದ ತಂದ್ರೆ ಸೈ, ಇಲ್ಲಾಂದ್ರೆ ಬೇರೆಯೋರ್ನ ನೋಡ್ಕೋತೀನಿ ಅಂದ್ರು."

ನಿಜ ಹೇಳಬೇಕು. ಆ ಕ್ಷಣ ನನಗೂ ಅನುಮಾನ ಬಂತು. ಏಳಕ್ಕೆ ಏಳೂ ಅವನು ಮಿಲ್ಲಿಗೆ ಬಾರದ ದಿನ. ಮೇಲೆ ಹೋಗಿ ಕಂಪ್ಯೂಟರ್ ತೆರೆದಾಗ ಕಾರಣ ತಿಳಿಯಿತು. ಆ ಸಂಕೀರ್ಣದಲ್ಲಿ ಸರಕು ಗಾಡಿಗಳಿಗೆ ಒಳಗೆ ಬಿಡುವುದು ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಯಾರೋ ಪಾಲಯ್ಯನ ನಂಬರನ್ನು ತಮ್ಮ ಗಾಡಿಗೆ ಹಾಕಿಕೊಂಡು ಅಲ್ಲಿಗೆ ಸರಕು ಇಳಿಸಲು ಬರುತ್ತಿದ್ದರು. ಆರು ನೋಟಿಸುಗಳ ಪೂರ್ತಿ ಚಿತ್ರ ಅಳಿದುಹೋಗಿತ್ತು. ಏಳನೆಯದು ಉಳಿದಿತ್ತು. ಬಿಳಿ ಪಿಕಪ್, ಅದೇ ಮಾದರಿ, ಮೂತಿಗೆ ಗೆಜ್ಜೆಸರ ಇಲ್ಲ.

ಚಿತ್ರವನ್ನು ಪ್ರಕಾಶ್ ಸರ್‌ಗೆ ತೋರಿಸಿದೆ.

"ಗೆಜ್ಜೆ ಬಿಚ್ಚಿಡಬಹುದಲ್ವಾ ಸುಜಾತಾ?"

"ಸರ್, ಸೋಮವಾರ ಅವರು ಗಾಡಿ ಓಡಿಸಲ್ಲ."

"ಅದನ್ನ ಯಾವ ಕಾಲಂನಲ್ಲಿ ಬರೀತೀಯಾ?"

ಪೊಲೀಸರಿಗೆ ದೂರು ಕೊಟ್ಟ ಸ್ವೀಕೃತಿ ಚೀಟಿಯನ್ನೂ ಪಾಲಯ್ಯ ತಂದಿದ್ದ. ದೂರು ಕೊಟ್ಟ ಮಾತ್ರಕ್ಕೆ ಸಾಬೀತಾಗುವುದಿಲ್ಲ ಎಂದರು ಪ್ರಕಾಶ್ ಸರ್. ಆದರೂ ಅವರು ಒಂದು ದಾರಿ ತೋರಿಸಿದರು. ನಿಯಮದಲ್ಲಿ 'ವಾಹನ ಖುದ್ದು ಪರಿಶೀಲನೆ' ಎಂದು ಇತ್ತು. ಗಾಡಿಯನ್ನು ಆ ಜಾಗಕ್ಕೇ ತಂದು ನಿಲ್ಲಿಸಿದರೆ ಅಲ್ಲಿನ ಮೇಲ್ವಿಚಾರಕ ಚಿತ್ರದ ಜೊತೆ ಹೋಲಿಸಿ ವರದಿ ಬರೆಯುತ್ತಾನೆ. ನಾನು ಕೂಡಲೇ ದಿನ ಗೊತ್ತುಮಾಡಲು ಕೂತೆ. ಕಂಪ್ಯೂಟರ್ ಸರಕು ಗಾಡಿಗೆ ತೋರಿಸಿದ್ದು ಸೋಮವಾರಗಳನ್ನು ಮಾತ್ರ. ಬೇರೆ ದಿನ ಕೊಡಿ ಎಂದು ಎರಡು ಸಲ ಬರೆದೆ. ಎರಡು ಸಲವೂ ಬೆಂಗಳೂರಿನಿಂದ ಬಂದದ್ದು ಸಿದ್ಧ ಉತ್ತರ. ನಾಲ್ಕನೆಯದಲ್ಲ, ಏಳನೆಯದು: "ನಿಗದಿತ ದಿನವನ್ನು ಬದಲಾಯಿಸಲು ಅವಕಾಶವಿರುವುದಿಲ್ಲ."

ಪಾಲಯ್ಯನಿಗೆ ಹೇಳಿದಾಗ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಸೋಮವಾರ ಓಡಿಸಿಲ್ಲ ಅಂತ ತೋರಿಸೋಕೆ ಸೋಮವಾರ ಓಡಿಸ್ಬೇಕಾ?"

"ಒಂದೇ ಒಂದು ಸಲ, ಅಣ್ಣ. ಹೋಗಿ ಬನ್ನಿ. ಪರಿಶೀಲನೆ ಆದ್ರೆ ಕಾಗದ ನಾನೇ ಟೈಪ್ ಮಾಡ್ತೀನಿ."

ಹೊಸಬರೇ, ಯಾರಿಗೂ 'ಒಂದೇ ಒಂದು ಸಲ' ಎಂದು ಹೇಳಬೇಡಿ. ಅವನು ಏಳೂ ಲಕೋಟೆಗಳ ಅಂಚು ಸರಿಮಾಡಿ ಜೋಡಿಸಿದ. ಆಮೇಲೆ, "ಅಪ್ಪನ್ನ ಕೇಳ್ತೀನಿ" ಎಂದು ಎದ್ದ. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಅವನು ಕೇಳಿದ್ದು ಬೇವಿನ ಮರದ ಕೆಳಗಿನ ಗಾಡಿಯನ್ನೋ ಏನೋ, ನನಗೆ ತಿಳಿಯದು. ಎರಡು ದಿನ ಬಿಟ್ಟು ಫೋನು ಮಾಡಿ, "ಸರೇಲೇಮ್ಮಾ, ಹೋಗ್ತೀನಿ" ಎಂದ.

ಮಾರ್ಚ್ 11, ಶಿವರಾತ್ರಿ ಕಳೆದ ಮೊದಲ ಸೋಮವಾರ. ಅವತ್ತಿನ ನನ್ನ ಪುಟದಲ್ಲಿ ಇರುವುದು ಇಷ್ಟು: "ನೋಡಿದ್ದು 55. ಮಾನ್ಯ 3. ತಿರಸ್ಕೃತ 52. ಎರಡು ಸಲ ಓದು 14. ಅಳಿಸಿದ್ದು 14. ಹನ್ನೊಂದು ಇಪ್ಪತ್ತೈದಕ್ಕೇ ಸೊನ್ನೆ." ಐದು ನಿಮಿಷ ಮೊದಲೇ ಮುಗಿಸಿದ್ದೆ. ಪಾಲಯ್ಯನ ಪರಿಶೀಲನಾ ವರದಿ ಬಂತೇ ಎಂದು ಆಗಾಗ ನೋಡಬೇಕಿತ್ತಲ್ಲ, ಅದಕ್ಕೆ ಪುರುಸೊತ್ತು ಮಾಡಿಕೊಳ್ಳಲು.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಅವನು ಮೆಟ್ಟಿಲ ಬಳಿ ಇದ್ದ. ಮುಖ ಅರಳಿತ್ತು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಅಮ್ಮಾ, ಸಿಕ್ಕಿಬಿದ್ದ! ಕಳ್ಳ ಸಿಕ್ಕಿಬಿದ್ದ!"

"ಯಾರು? ನಿಧಾನ ಹೇಳಿ."

"ನಾನು ಹತ್ತೂಕಾಲಿಗೆ ಒಳಗೆ ಹೋದೆ. ಆ ಮೇಲ್ವಿಚಾರಕ ಗಾಡಿ ಸುತ್ತ ಎರಡು ಸುತ್ತು ಹಾಕಿ, ಗೆಜ್ಜೆ ಫೋಟೋ ತಗೊಂಡ. ವಾಪಸ್ ಬರೋವಾಗ ಗೇಟಿನ ಹುಡುಗ ಏನಂದ ಗೊತ್ತಾ? 'ಏನ್ ಯಜಮಾನ್ರೇ, ನಿಮ್ದು ಅವಳಿ ಗಾಡಿನಾ? ನೀವು ಒಳಗಿದ್ದಾಗ ನಿಮ್ದೇ ನಂಬರಿಂದು ಇನ್ನೊಂದು ಬಂದಿತ್ತು. ಕೋಲು ಏಳಲಿಲ್ಲ. ಅವನು ಬೈಕೊಂಡು ರಿವರ್ಸ್ ಹೊಡೆದು ಹೋದ. ಕಂಪ್ಯೂಟರಾಗೆ ಎರಡೂ ಐತೆ ನೋಡಿ' ಅಂದ. ಬಸವಣ್ಣ ಕಣ್ಣು ಬಿಟ್ಟ ಕಣಮ್ಮಾ! ಸೋಮವಾರ ನಾನು ಹೋಗಿದ್ದಕ್ಕೇ ಸಿಕ್ಕಿದ್ದು. ನೀನು ಹೇಳಿದ್ದಕ್ಕೆ ಹೋದೆ. ತಗೋ, ಹಣ್ಣು ತಗೋ."

ಹಣ್ಣು ತೆಗೆದುಕೊಂಡೆ. ಕೈಗೆ ತಣ್ಣಗಿತ್ತು.

ಒಂದು ಗಾಡಿ ಒಳಗಿರುವಾಗ ಅದೇ ನಂಬರಿನ ಇನ್ನೊಂದು ಗೇಟಿಗೆ ಬಂದರೆ ಕಂಪ್ಯೂಟರ್ ಏನು ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ಸಮಯ, ಸೆಕೆಂಡು, ಚಿತ್ರ ಸಮೇತ ಒಂದು ಸಾಲು ಬರೆದು ನನ್ನ ಪಟ್ಟಿಗೆ ತಳ್ಳುತ್ತದೆ. ಹದಿನಾಲ್ಕು ಸಾಲುಗಳಲ್ಲಿ ಒಂದು. ಹನ್ನೊಂದು ಇಪ್ಪತ್ತೈದಕ್ಕೆ ನಾನೇ ಅಳಿಸಿದ್ದೆ.

ಓಡಿ ಮೇಲೆ ಹೋದೆ. ಪ್ರಕಾಶ್ ಸರ್ ಬೆಂಗಳೂರಿಗೆ ಫೋನು ಹಚ್ಚಿದರು. ನನ್ನ ಮುಂದೆಯೇ ಎರಡು ಸಲ ಕೇಳಿದರು. ಆಮೇಲೆ ಫೋನು ಕೆಳಗಿಟ್ಟು, "ಅಳಿಸಿದ್ದು ವಾಪಸ್ ಬರಲ್ಲವಂತೆ" ಎಂದರು. ಗೇಟಿನ ಹುಡುಗನ ಮಾತು ಬರೆಸಿಕೊಳ್ಳಲು ಆ ಜಾಗದ ಫೋನಿಗೆ ಕರೆ ಮಾಡಿದೆವು. ಅವನು ಮೊದಲು ಹೌದೆಂದ. ಪಕ್ಕದಲ್ಲಿ ಯಾರೋ ಏನೋ ಹೇಳಿದ್ದು ಕೇಳಿಸಿತು. ಆಮೇಲೆ, "ನಂಗೆ ಸರಿಯಾಗಿ ನೆನಪಿಲ್ಲ ಮೇಡಂ" ಎಂದು ಇಟ್ಟುಬಿಟ್ಟ.

ಮಧ್ಯಾಹ್ನಕ್ಕೆ ಪಾಲಯ್ಯನ ಮನವಿಯ ಮೇಲೆ ಕಂಪ್ಯೂಟರ್ ತಾನೇ ತೀರ್ಮಾನ ಬರೆಯಿತು. ಸೋಮವಾರದ ಅವನ ಭೇಟಿಯನ್ನು ಅದು ಎಂಟನೆಯ ಪ್ರವೇಶವೆಂದು ಎಣಿಸಿತ್ತು. "ಸದರಿ ವಾಹನವು ಸದರಿ ಸ್ಥಳವನ್ನು ನಿಯಮಿತವಾಗಿ ಬಳಸುತ್ತಿರುವುದು ದೃಢಪಟ್ಟಿದೆ." ಮೇಲ್ವಿಚಾರಕನ ವರದಿ ಕೆಳಗೆ ಒಂದು ಸಾಲಿನಲ್ಲಿತ್ತು: "ಗೆಜ್ಜೆಸರವನ್ನು ಸುಲಭವಾಗಿ ಕಳಚಬಹುದು."

ಅವನು ಸಂಜೆವರೆಗೆ ಕೆಳಗೆ ಕಾಯುತ್ತಿದ್ದ. ಇಳಿದು ಹೋಗಿ ಹೇಳಿದೆ. ನಾನೇ ಅಳಿಸಿದೆ ಎಂಬುದನ್ನೂ ಹೇಳಿದೆ.

"ನೋಡ್ದೆಲೆ ಅಳಿಸಿದೆಯಾ?"

"ಹೂಂ."

"ದಿನಾ ಹಂಗೇನಾ?"

"ದಿನಾ."

ಅವನು ತಲೆಯಾಡಿಸಿದ. ನನ್ನನ್ನು ಬೈಯಲು ಮಾತು ಹುಡುಕುತ್ತಿದ್ದಾನೆ ಎಂದುಕೊಂಡೆ. "ನಂಗೆ ಓದೋಕೆ ಬರಲ್ಲ ಅಂತ ಅಪ್ಪ ಬೈತಿದ್ದ. ಓದೋಕೆ ಬಂದೋರೂ ಓದಲ್ಲ ಅಂತ ಅವನಿಗೆ ಗೊತ್ತಿರ್ಲಿಲ್ಲ" ಎಂದ. ಕೊನೆಯ ಬಸ್ಸಿನವನು ಕೂಗುತ್ತಿದ್ದ. ಹತ್ತಿ ಹೋದ.

ಪ್ರಕಾಶ್ ಸರ್ ತಮ್ಮ ಕೈಲಾದ ಉಪಕಾರ ಮಾಡಿದರು. ಮೇಲಿನವರನ್ನು ಹಿಡಿದು ಏಳೂ ನೋಟಿಸುಗಳ ಹಣ ಬಿಡಿಸಿದರು. ಮಾರ್ಚ್ 27, ಬುಧವಾರ ಪತ್ರ ಹೊರಟಿತು. ಒಂದು ಪ್ರತಿ ಮಿಲ್ಲಿನ ವಿಳಾಸಕ್ಕೆ. ಅದನ್ನು ಟೈಪು ಮಾಡಿದವಳು ನಾನೇ, ಒಂದಕ್ಷರವನ್ನೂ ಬದಲಿಸಲು ಮೇಲಿನವರು ಬಿಡಲಿಲ್ಲ: "ತಾವು ಶುಲ್ಕ ಪಾವತಿಸದೆ ನಿರ್ಗಮಿಸಿದ್ದರೂ, ಸೌಜನ್ಯಾರ್ಥವಾಗಿ ಈ ಬಾರಿ ಮನ್ನಾ ಮಾಡಲಾಗಿದೆ." ಹಣ ಅವನಿಗೆ ಎಂದೂ ದೊಡ್ಡದಾಗಿರಲಿಲ್ಲ. ಬೇಕಿದ್ದದ್ದು ಅಲ್ಲಿಗೆ ಹೋಗಿಲ್ಲ ಎಂಬ ಒಂದು ಮಾತು. ಹೋಗಿದ್ದೆ ಎಂದು ಒಪ್ಪಿಸಿ ಕ್ಷಮಿಸಿದ ಕಾಗದವನ್ನು ನಾವು ಕೊಟ್ಟೆವು.

ಯುಗಾದಿಗೆ ಐದು ದಿನ ಇರುವಾಗ ರಜೆ ಹಾಕಿ ವೀರಭದ್ರಪ್ಪನವರ ಮಿಲ್ಲಿಗೆ ಹೋದೆ. ಗಾಣದ ಹಿಂಡಿಯ ವಾಸನೆ, ಕಚೇರಿಯ ಗೋಡೆಗೆ ಬಸವಣ್ಣನ ಪಟ. ವಯಸ್ಸಾದವರು, ಕೂರಿಸಿ ನೀರು ಕೊಡಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕಾಗದವನ್ನು ನನ್ನ ಮುಂದಿಟ್ಟರು.

"ಮನ್ನಾ ಅಂತ ಬರೆದವ್ರೆ. ತಪ್ಪೇ ಮಾಡದೋನಿಗೆ ಮನ್ನಾ ಯಾಕಮ್ಮ?"

"ಅದು ಕಂಪನಿಯ ಭಾಷೆರಿ."

"ಆ ಸೋಮವಾರ ಗಾಡಿ ಬೆಂಗಳೂರಿಗೆ ಹೋಗಿದ್ದು ಸುಳ್ಳಾ? ನಸುಕಿಗೇ ಹೊರಟದ್ದನ್ನ ಇಡೀ ಊರು ನೋಡೈತೆ. ನಂಗೆ ಮೂರು ಜನ ಫೋನ್ ಮಾಡಿದ್ರು."

"ನಾನೇ ಕಳಿಸಿದ್ದುರಿ."

"ನೀನು ಯಾರು?"

"ಆ ಕಂಪನಿಯೋಳು."

ಹೇಳಿದ ಮೇಲೆ ಆ ಮಾತಿನ ತೂಕ ನನಗೇ ಗೊತ್ತಾಯಿತು. ಚೀಲದಿಂದ ಏಳನೆಯ ನೋಟ್‌ಬುಕ್ ತೆಗೆದು ಮಾರ್ಚ್ 11ರ ಪುಟ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದರು. ನಾಲ್ಕು ವರ್ಷದಲ್ಲಿ ನನ್ನ ಪುಸ್ತಕವನ್ನು ಅಷ್ಟು ಗೌರವದಿಂದ ಓದಿದವರು ಅವರೊಬ್ಬರೇ.

"ಅಚ್ಚುಕಟ್ಟಾಗಿ ಬರೆದೀಯ. ಎರಡು ಸಲ ಓದು ಹದಿನಾಲ್ಕು, ಅಳಿಸಿದ್ದು ಹದಿನಾಲ್ಕು. ಸರಿ. ಈ ಹದಿನಾಲ್ಕರಾಗೆ ಪಾಲನ ಗಾಡಿ ಐತೆ ಅಂತ ಎಲ್ಲೈತಮ್ಮ?"

ಎಲ್ಲೂ ಇರಲಿಲ್ಲ. ನಿಯಮ ಪಾಲಿಸಿದ್ದೆ.

ಅವರು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. "ನೀನು ಸುಳ್ಳು ಹೇಳ್ತಿದೀಯ ಅಂತ ನಾನು ಅನ್ನಲ್ಲ. ಪಾಲ ಸುಳ್ಳು ಹೇಳ್ಯಾನೆ ಅಂತ ಗಟ್ಟಿಯಾಗೂ ಅನ್ನಕಾಗಲ್ಲ. ಆದ್ರೆ ಇನ್ನು ಪ್ರತಿ ಸೋಮವಾರ ನಂಗೆ ಅನುಮಾನ ಬರ್ತೈತೆ. ಅನುಮಾನ ಇಟ್ಕೊಂಡು ಒಬ್ಬನ್ನ ಮನೆಯೋನು ಅನ್ಕೊಳಕಾಗಲ್ಲ" ಎಂದರು. ಹೊರಗೆ ಮೂಟೆ ಇಳಿಸುತ್ತಿದ್ದ ಗಾಡಿ ಬೇರೆಯವರದು. ಮಾತುಕತೆ ಆಗಲೇ ಮುಗಿದಿತ್ತು.

ನಾನು ಕೆಲಸ ಬಿಟ್ಟದ್ದು ಏಪ್ರಿಲ್ ಕೊನೆಗೆ. ಬಿಡುವ ಮೊದಲ ಎರಡು ವಾರ 'ಎರಡು ಸಲ ಓದು' ಪಟ್ಟಿಯ ಪ್ರತಿ ಸಾಲನ್ನೂ ತೆರೆದು ನೋಡಿದೆ. ನೂರ ಅರವತ್ತೆಂಟು ಸಾಲು. ಕ್ಯಾಮೆರಾದ ಕಸವೇ ಹೆಚ್ಚು. ಆದರೆ ಐದು ಸಾಲುಗಳಲ್ಲಿ ನಂಬರ್ ಒಂದೇ, ಗಾಡಿಗಳು ಎರಡು, ಬೇರೆ ಬೇರೆ. ಅಂದರೆ ಎಲ್ಲೋ ಐದು ಜನ ಪಾಲಯ್ಯಂದಿರು. ನಾಲ್ಕು ವರ್ಷದಲ್ಲಿ ನಾನು ಅಳಿಸಿದ ಸಾಲುಗಳ ಮೊತ್ತ ನನ್ನ ಬಳಿ ಇದೆ, ಕೂಡಿಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಆ ಎರಡು ವಾರ ಪಟ್ಟಿ ಹನ್ನೊಂದೂವರೆಗೆ ಸೊನ್ನೆಯಾಗಲಿಲ್ಲ. ಪ್ರಕಾಶ್ ಸರ್ ಬೇಸರದಿಂದ, "ಏನಾಯ್ತು ಸುಜಾತಾ, ನೀನು ಮೊದಲು ಹೀಗಿರ್ಲಿಲ್ಲ" ಎಂದರು.

ಬೀದಿಯ ಇಬ್ಬರು ಹುಡುಗಿಯರೇ, ಕೆಲಸ ಹೆಂಗಿರುತ್ತದೆ ಎಂದು ಕೇಳಿದಿರಿ. ಕುರ್ಚಿ ಚೆನ್ನಾಗಿದೆ, ಫ್ಯಾನು ತಿರುಗುತ್ತದೆ, ಸಂಬಳ ಏಳನೆಯ ತಾರೀಖು ತಪ್ಪುವುದಿಲ್ಲ. ಪಟ್ಟಿ ಬಂದಾಗ ಒಂದೊಂದೇ ತೆರೆಯಿರಿ. ಮೂರನೆಯ ನಿಯಮ ಹೇಳಿಕೊಡುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ ನಂಬರ್ ಬರೆದಿಟ್ಟುಕೊಳ್ಳಿ.

ಹೋದ ವಾರ ಚಳ್ಳಕೆರೆ ಮಾರುಕಟ್ಟೆಯ ಬಳಿ ರಸ್ತೆ ದಾಟುತ್ತಿದ್ದೆ. ಬಿಳಿ ಪಿಕಪ್ಪೊಂದು ಸಿಮೆಂಟು ಚೀಲ ಹೇರಿಕೊಂಡು ಬಂದು ನನಗೆ ದಾರಿ ಬಿಡಲು ನಿಂತಿತು. ಪಾಲಯ್ಯ ಒಳಗಿನಿಂದ ಕೈ ಎತ್ತಿದ. ಗಾಡಿಯ ಮೂತಿಯ ಮೇಲೆ ಗೆಜ್ಜೆಸರ ಇರಲಿಲ್ಲ. ಕಟ್ಟಿದ್ದ ಕಡೆ ಬಣ್ಣ ಸವೆದ ಗೆರೆ ಮಾತ್ರ ಇತ್ತು.

"ಚೆನ್ನಾಗಿದೀಯಾಮ್ಮಾ?" ಎಂದ.

"ಚೆನ್ನಾಗಿದೀನಿ ಅಣ್ಣ. ಬಾಡಿಗೆ ಸಿಗ್ತಿದೆಯಾ?"

"ದಿನಾ ಸಿಗ್ತೈತೆ" ಎಂದ. 'ದಿನಾ' ಎಂಬುದನ್ನು ಒತ್ತಿ ಹೇಳಲಿಲ್ಲ. ಹಿಂದಿನ ಆಟೋದವನು ಹಾರ್ನ್ ಹೊಡೆದ. ಗಾಡಿ ಮುಂದೆ ಹೋಯಿತು.

ಮನೆಗೆ ಬಂದು ಎಂಟನೆಯ ನೋಟ್‌ಬುಕ್ ತೆರೆದು ದಿನಾಂಕ ಹಾಕಿದೆ. ಪಕ್ಕದಲ್ಲಿ ವಾರ ಬರೆದೆ, ಸೋಮವಾರ. ಅದರ ಕೆಳಗೆ ಮೊದಲ ಸಲ ಒಂದು ಗಾಡಿಯ ನಂಬರ್ ಪೂರ್ತಿ ಬರೆದೆ.